ದೀಪ ಹಿಡಿದ ಕೈ

ಮೊನ್ನೆ ರಾಮದುರ್ಗದ ಟಾಕೀಜಿಗೆ ಸಿನೆಮಾ ನೋಡಲು ಹೋಗಿದ್ದೆ. ಕಥೆ ಶುರುವಾಗುವ ಮೊದಲು ಪರದೆಯ ಮೇಲೆ ಕಂಪನಿಯ ಲಾಂಛನ ಬರುತ್ತದಲ್ಲ, ಅದು ಬಂತು. ನಾಲ್ಕು ಗೆರೆಯಲ್ಲಿ ಬರೆದ ಒಂದು ದೀಪ, ಅಷ್ಟೇ. ಅದನ್ನು ಹಿಡಿದ ಕೈ ಇಲ್ಲ. "ಕೈ ಎಲ್ಲಿ ಹೋತು?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಹಿಂದಿನ ಸಾಲಿನಿಂದ ಯಾರೋ, "ಕುಂದರ್ರಿ ಯಜಮಾನ್ರ, ಪಿಕ್ಚರ್ ಇನ್ನೂ ಚಾಲೂನ ಆಗಿಲ್ಲ" ಎಂದರು. ಕುಳಿತೆ. ಆದರೆ ಆ ಸಿನೆಮಾದ ಕಥೆ ಏನೆಂದು ನೀವು ಕೇಳಿದರೆ ಹೇಳಲಾರೆ. ನಾನು ಆಗಲೇ ನಲವತ್ತು ವರ್ಷ ಹಿಂದಕ್ಕೆ ಹೋಗಿದ್ದೆ, ನನ್ನ ಹಳೆಯ ಹೊಟ್ಟೆಕಿಚ್ಚಿನ ಜೊತೆಗೆ.

ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಅದರ ಹೆಸರು ವಿರುಪಾಕ್ಷಿ. ನಮ್ಮ ಓಣಿಯವನೇ, ನನ್ನ ವಾರಿಗೆಯವನೇ. ಹುಟ್ಟಿದ ಹತ್ತು ದಿನಕ್ಕೆ ತಾಯಿಯನ್ನು ಕಳೆದುಕೊಂಡವನು. ಉಂಡದ್ದು, ಬೆಳೆದದ್ದು ನಮ್ಮ ಮನೆಯಲ್ಲೇ. ನನ್ನ ಅವ್ವನನ್ನು ಅವನೂ ಅವ್ವ ಎನ್ನುತ್ತಿದ್ದ. "ನನಗ ಇಬ್ಬರು ಗಂಡಮಕ್ಕಳು ನೋಡ್ರಿ" ಎಂದು ಅವಳು ಬಂದವರಿಗೆಲ್ಲ ಹೇಳುವಳು. ಅವನ ರೊಟ್ಟಿಯ ಮೇಲೆ ಬೆಣ್ಣೆ ತುಸು ಹೆಚ್ಚೇ ಬೀಳುತ್ತಿತ್ತೆಂದು ನನಗೆ ಆಗಲೂ ಗುಮಾನಿ, ಈಗಲೂ ಗುಮಾನಿ.

ಇಬ್ಬರೂ ಒಂದೇ ನಾಟಕ ಕಂಪನಿ ಸೇರಿದೆವು. ಆ ಕಂಪನಿಯಲ್ಲಿ ಹೆಂಗಸರಿರಲಿಲ್ಲ. ಮೀಸೆ ಮೂಡದ ನಾವೇ ಸೀರೆ ಉಡಬೇಕು. ನಾನು ರಾಣಿ, ವಿರುಪಾಕ್ಷಿ ನನ್ನ ದಾಸಿ. ಇದನ್ನು ದಯವಿಟ್ಟು ನೀವಾದರೂ ನೆನಪಿಡಿ, ಊರವರು ಮರೆತಿದ್ದಾರೆ. ನನಗೆ ಎರಡು ಪುಟ ಮಾತು, ಮೂರು ಹಾಡು. ಅವನಿಗೆ ದೀಪ ಹಿಡಿದು ನನ್ನ ಹಿಂದೆ ನಿಲ್ಲುವ ಕೆಲಸ. ಆದರೆ ಅವ್ವ ಒಂದು ದಿನವೂ ನಾಟಕಕ್ಕೆ ಬರಲಿಲ್ಲ. "ಗಂಡು ಹಡದೀನಿ ಅಂತ ಓಣಿಗೆಲ್ಲಾ ಸಕ್ಕರಿ ಹಂಚೇನಿ. ನೀ ಸೀರಿ ಉಟ್ಟದ್ದನ್ನ ನಾ ನೋಡಾಂಗಿಲ್ಲಪಾ" ಎಂದುಬಿಟ್ಟಿದ್ದಳು. ಮಂದಿ ಎಷ್ಟು ಚಪ್ಪಾಳೆ ತಟ್ಟಿದರೂ ನನ್ನ ಕಣ್ಣು ಹೆಂಗಸರ ಸಾಲಿನಲ್ಲಿ ಅವಳನ್ನೇ ಹುಡುಕುತ್ತಿತ್ತು. ಅವಳು ಒಮ್ಮೆ ನನ್ನನ್ನು ನೋಡಿ ಭೇಷ್ ಎನ್ನಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಸವದತ್ತಿಯಲ್ಲಿ ನಮ್ಮ ಕ್ಯಾಂಪು ಇದ್ದಾಗ ಪುಣೆ ಕಡೆಯ ಸಿನೆಮಾ ಕಂಪನಿಯ ಮ್ಯಾನೇಜರ ಒಬ್ಬ ನಾಟಕ ನೋಡಲು ಬಂದ. ಆಗೆಲ್ಲ ಮಾತಿಲ್ಲದ ಸಿನೆಮಾ. ಆ ಕಂಪನಿಯ ಲಾಂಛನವೆಂದರೆ ಕರಿ ಹಲಗೆಯ ಮೇಲೆ ಬಿಳಿ ಅಕ್ಷರ. ಅದು ಪರದೆಯ ಮೇಲೆ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಓದು ಬಾರದ ನಮ್ಮ ಮಂದಿ ಅಷ್ಟು ಹೊತ್ತಿಗೆ ಎಲೆ ಅಡಿಕೆ ಹಾಕಿಕೊಂಡು ಮುಗಿಸುತ್ತಿದ್ದರು. ಅಕ್ಷರ ತೆಗೆದು ಆ ಜಾಗದಲ್ಲಿ ದೀಪ ಹಿಡಿದ ಹೆಣ್ಣನ್ನು ನಿಲ್ಲಿಸಬೇಕೆಂದು ಮ್ಯಾನೇಜರನ ಆಸೆ. ಸುದ್ದಿ ತಿಳಿದ ನಾನು ವೇಷ ಕಳಚದೆ ಅವನೆದುರು ಎರಡು ಸಲ ಸುಳಿದಾಡಿದೆ. ಆ ಪುಣ್ಯಾತ್ಮ ಬೆರಳು ಮಾಡಿದ್ದು ದಾಸಿಯ ಕಡೆಗೆ! "ಅರ್ಧಾ ತಾಸು ದೀಪ ಅಳ್ಳಾಡಲಿಲ್ಲ ನೋಡ್ರಿ. ಇಂಥಾವನ ಬೇಕು. ಮಾತಾಡೋರನ್ನ ತಗೊಂಡು ನಾವೇನ್ ಮಾಡೂಣು?" ಎಂದ, ಮರಾಠಿ ಬೆರೆಸಿದ ಕನ್ನಡದಲ್ಲಿ. ಎರಡು ಪುಟ ಮಾತು ಬಾಯಿಪಾಠ ಮಾಡಿದ ನಾನು ಬೆಪ್ಪಾಗಿ ನಿಂತೆ.

ಮುಂದಿನ ವರ್ಷ ಮಲಪ್ರಭೆಯ ದಂಡೆಯಲ್ಲಿ ಸಿನೆಮಾ ತಂಬು ಬಿತ್ತು. ಅವ್ವನನ್ನು ಕರೆದುಕೊಂಡು ಹೋದೆ. ಪರದೆ ಬೆಳಗಿತು. ಆಳೆತ್ತರದ ವಿರುಪಾಕ್ಷಿ! ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಕೈಯಲ್ಲಿ ಉರಿಯುವ ದೀಪ. ಯಾವ ದೇವಿಯೋ ಎಂದುಕೊಂಡು ಹೆಂಗಸರೆಲ್ಲ ಎದ್ದು ಕೈ ಮುಗಿದರು. ಅವ್ವನೂ ಎದ್ದು ಮುಗಿದಳು.

"ಅವ್ವಾ, ಅದು ನಮ್ಮ ವಿರುಪಾಕ್ಷಿ!"

"ನನಗೇನ್ ಕಣ್ಣಿಲ್ಲೇನು? ಹಿಡದಾಂವ ವಿರುಪಾಕ್ಷಿ ಇದ್ರೂ ದೀಪಾ ಖರೇ ಐತೆಲ್ಲೋ?"

ಕೇಳಿದಿರಾ? ನಾನುಟ್ಟ ಸೀರೆ ನಾಚಿಕೆ, ಅವನುಟ್ಟ ಸೀರೆ ದೇವರು. ಹಸಿಮೆಣಸಿನಕಾಯಿ ನುಂಗಿದ ಹಾಗೆ ಹೊಟ್ಟೆ ಉರಿಯಿತು. ಬೈಲಹೊಂಗಲ, ಕಿತ್ತೂರು, ತಂಬು ಬಿದ್ದ ಊರಲ್ಲೆಲ್ಲ ಇದೇ ಹಾಡು. ಅವನಿಗೆ ಬೇಗ ಮೀಸೆ ಬರಲಪ್ಪಾ ಎಂದು ದೇವರಿಗೆ ಬೇಡಿಕೊಂಡೆ. ಬಂತು, ನನಗೆ ಮೊದಲು.

ಕಾಲಕ್ರಮೇಣ ನಾಟಕ ಕಂಪನಿ ಮುರಿಯಿತು. ನಾನು ಅಪ್ಪನ ಬಟ್ಟೆ ಅಂಗಡಿಯಲ್ಲಿ ಕುಳಿತೆ. ವಿರುಪಾಕ್ಷಿ ಸಾಲಹಳ್ಳಿಗೆ ಹೊಲ ಉಳಲು ಹೋದ. ಸಿನೆಮಾದಲ್ಲಿ ಹೆಂಗಸರೇ ಪಾತ್ರ ಮಾಡತೊಡಗಿದ ಮೇಲೆ ಪುಣೆಯ ಆ ಕಂಪನಿಗೆ ಗಂಡಿನ ಮುಖ ಒಗ್ಗದಾಯಿತು. ಮುಖ ಬೇಡ, ದೀಪ ಹಿಡಿದ ಕೈ ಅಷ್ಟೇ ಸಾಕು, ಬಾ ಎಂದು ಅವನಿಗೆ ಕಾಗದ ಬಂತು. ಅವನು ಕಾಗದ ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದ.

"ರಂಟಿ ಹಿಡದು ನನ್ನ ಕೈ ಒರಟಾಗ್ಯಾವು. ನಿನ್ನವು ಇನ್ನೂ ಬೆಣ್ಣಿ ಹಂಗ ಅದಾವ. ನೀ ನಡಿಯಲೇ."

ಅವನು ಬಿಟ್ಟುಕೊಟ್ಟದ್ದನ್ನು ಬಾಚಿಕೊಳ್ಳಲು ನನಗೇನು ಹಸಿವೇ? ಹಸಿವೇ. ಮರುದಿನವೇ ಹೊರಟೆ. ಬಳೆ ತೊಟ್ಟು, ಉಸಿರು ಬಿಗಿಹಿಡಿದು ದೀಪ ಹಿಡಿದೆ, ಅದು ಅಲ್ಲಾಡಲಿಲ್ಲ.

ಹೊಸ ಲಾಂಛನ ಊರಿಗೆ ಬಂದಾಗ ಮಂದಿ, "ವಿರುಪಾಕ್ಷಿ ಕೈ ಎಷ್ಟ ಚೆಂದ ಅದಾವ!" ಎಂದರು. "ಅಲ್ರೀ, ಅವು ನಮ್ಮ ಗೆಳ್ಯಾನ ಕೈ" ಎಂದು ವಿರುಪಾಕ್ಷಿ ಕಂಡವರಿಗೆಲ್ಲ ಹೇಳುತ್ತ ತಿರುಗಿದ. ಜನ ಏನೆಂದರು ಗೊತ್ತೇ? "ಏನ್ ದೊಡ್ಡ ಮನಸ್ಸಪಾ ಆ ಹುಡುಗಂದು!" ನಾನು ಪರದೆಯ ಮೇಲೆ ಬಂದರೂ ಕೀರ್ತಿ ಅವನಿಗೇ.

ಇರಲಿ, ಅವ್ವನಿದ್ದಳಲ್ಲ. ಅವಳನ್ನು ಸಿನೆಮಾ ನೋಡಲು ಕರೆದೊಯ್ದೆ. ಕೈ ಮೂಡಿತು, ದೀಪ ಬೆಳಗಿತು. ಸುತ್ತಲಿನ ಹೆಂಗಸರೆಲ್ಲ ಕೈ ಮುಗಿದರು. ಅವ್ವ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನಂತೆ ಕುಳಿತಿದ್ದಳು. ಮನೆ ಮುಟ್ಟಿದ ಮೇಲೆ ಕೇಳಿಯೇಬಿಟ್ಟೆ: "ಆಂವಗ ಮುಗದಿ, ನನಗ್ಯಾಕ ಮುಗೀಲಿಲ್ಲ?"

"ಹುಚ್ಚಾ, ಹಡದಾಕಿಗೆ ಮಗನ ಕೈ ಗುರ್ತು ಸಿಗಂಗಿಲ್ಲೇನು? ತಾಯಿ ಮಗಗ ಕೈ ಮುಗದ್ರ ಮಗನ ಆಯುಷ್ಯ ಕಡಿಮಿ ಆಗತೈತಿ. ಕೈ ತಾವ ಮ್ಯಾಲ ಬರತಿದ್ದವು, ಗಟ್ಟ್ಯಾಗಿ ಹಿಡದು ಕುಂತಿದ್ದೆ" ಎಂದಳು. ನಾನು ಹಿತ್ತಲಿಗೆ ಹೋಗಿ ಅತ್ತುಬಂದೆ.

ಈ ಮಾತನ್ನು ವಿರುಪಾಕ್ಷಿಗೆ ಹೇಳಲಿಲ್ಲ. ಇಬ್ಬರು ಮಕ್ಕಳೆಂದರೂ ಅವಳ ಕೈ ತಡೆದದ್ದು ಒಬ್ಬನಿಗೇ. ಅವನ ವಿರುದ್ಧ ನಾನು ಗೆದ್ದದ್ದು ಇದೊಂದೇ. ಒಂದು ದಿನ ಅವನ ಮುಖಕ್ಕೇ ಹೇಳಬೇಕೆಂದು ಕಾದಿರಿಸಿದ್ದೆ. ಅವ್ವನೂ ಹೋದಳು. ಮೊನ್ನೆ ಆ ಕೈಯಿಲ್ಲದ ದೀಪ ನೋಡಿದವನಿಗೆ ಇನ್ನು ತಡೆಯಲಾಗಲಿಲ್ಲ. ಮರುದಿನವೇ ಸಾಲಹಳ್ಳಿಗೆ ಹೋದೆ.

ಕಟ್ಟೆಯ ಮೇಲೆ ಕುಳಿತಿದ್ದ. "ನಮ್ಮ ಕೈನೂ ತಗದಾರ ನೋಡಪಾ" ಎಂದೆ.

"ತಗೀಲಿ ಬಿಡು. ಅವ್ವ ನನಗ ಎದ್ದ ನಿಂತು ಕೈ ಮುಗದಿದ್ಲು. ಹಡದಾಕಿ ಮುಖಾ ನೋಡದಾಂವಗ ಅಷ್ಟ ಸಾಕೋ. ಈಗೂ ಮಲಗೋ ಮುಂದ ನೆನಸ್ತೇನಿ" ಎಂದ. ಆಮೇಲೆ ಕಣ್ಣು ಮಿಟುಕಿಸಿ, "ನಿನಗ ಮುಗದಿದ್ಲೇನು?" ಎಂದು ಕೇಳಿದ.

ನಲವತ್ತು ವರ್ಷದ ಮಾತು ನಾಲಗೆಯ ತುದಿಗೆ ಬಂದಿತ್ತು. "ಇಲ್ಲೋ. ಒಮ್ಮೆನೂ ಮುಗೀಲಿಲ್ಲ" ಎಂದೆ.

ವಿರುಪಾಕ್ಷಿ ತೊಡೆ ತಟ್ಟಿಕೊಂಡು ನಕ್ಕ. "ಹೊಟ್ಟಿ ಉರೀತದೇನಲೇ ಇನ್ನೂ?"

"ಉರೀತದಪಾ, ಭಾಳ ಉರೀತದ" ಎಂದೆ. ಅಷ್ಟು ಮಾತು ಆಡಿ, ಅಷ್ಟು ಹಾಡು ಹಾಡಿ ಮರೆತವನು ನಾನು. ಈ ಹೊಟ್ಟೆಕಿಚ್ಚಿನ ಪಾತ್ರವನ್ನು ಮಾತ್ರ ಚೆನ್ನಾಗಿಯೇ ಮಾಡಿದೆ. ಅವನು ನಂಬಿದ.