ನಾಗಲಕ್ಷ್ಮಿ ಇನ್ವರ್ಟರ್ ಕೂಡಿಸಿದ ದಿನ

ಪುಣಜನೂರಿನ ಮಾದೇಶನಿಗೆ ಲಾರಿ ಓಡಿಸುವುದು ಬಿಟ್ಟ ಮೇಲೆ ಹಿಡಿದ ಹುಚ್ಚೆಂದರೆ ಒಂದು ವ್ಯಾನು. ವಯಸ್ಸಿನಲ್ಲಿ ಕರಿಕಲ್ಲಿನ ಕ್ವಾರಿಯಲ್ಲಿ ದುಡಿದವನು, ಆಮೇಲೆ ಗುಂಡ್ಲುಪೇಟೆಯಿಂದ ಈರುಳ್ಳಿ ತುಂಬಿಕೊಂಡು ಘಾಟಿ ಇಳಿದು ಸತ್ಯಮಂಗಲಕ್ಕೆ ಲಾರಿ ಹೊಡೆಯುವುದರಲ್ಲೇ ಅರ್ಧ ಆಯುಸ್ಸು ಸವೆಸಿದ್ದ. ಹೆದ್ದಾರಿಯಲ್ಲಿ ಕೇರಳದವರ ಮನೆಯಂಥ ಗಾಡಿಗಳನ್ನು ಕಂಡಾಗಲೆಲ್ಲ ಲಾರಿ ನಿಧಾನ ಮಾಡಿ ಒಳಗೆ ಇಣುಕುತ್ತಿದ್ದನಂತೆ. ಮಂಚ, ಒಲೆ, ಫ್ಯಾನು, ಎಲ್ಲವೂ ಒಳಗೇ.

"ನಮ್ಗೂ ಒಂದು ಅಂಗೇ ಮಾಡನ ಕಣಮ್ಮಿ. ನಾನು ಓಡುಸ್ತಿನಿ, ನೀನು ಮಲಿಕಂಡು ಊರ್ ನೋಡೀವಂತೆ" ಎಂದು ಹೆಂಡತಿ ನಾಗಲಕ್ಷ್ಮಿಗೆ ಹೇಳುತ್ತಿದ್ದ.

ಮಕ್ಕಳಿಲ್ಲದ ಮನೆ. ಅವಳೂ ಬೇಡ ಅನ್ನಲಿಲ್ಲ. ಹಳೆಯ ಶಾಲಾ ವ್ಯಾನೊಂದನ್ನು ತಂದು ಸೀಟು ಕಿತ್ತು ಮಂಚ ಹಾಕಿದ. ಮೇಲೆ ಸೋಲಾರ್ ಹಲಗೆಗಳನ್ನು ಕೂರಿಸಿ, ಮಂಚದ ಕೆಳಗೆ ದೊಡ್ಡ ಬ್ಯಾಟರಿ ಇಟ್ಟು, ಬಿಸಿಲಿನಿಂದ ಅದು ತುಂಬುವಂತೆ ಮಾಡಿದ. ಬ್ಯಾಟರಿಯ ಕರೆಂಟನ್ನು ಮನೆ ಕರೆಂಟಾಗಿ ಮಾಡುವ ಇನ್ವರ್ಟರ್ ಒಂದನ್ನು ಕೂಡಿಸುವುದು ಉಳಿದಿತ್ತು. ಅಷ್ಟರಲ್ಲಿ ಕ್ವಾರಿಯ ಧೂಳು ತನ್ನ ಪಾಲು ಕೇಳಲು ಬಂತು. ಶ್ವಾಸಕೋಶ ಕಲ್ಲಾಗಿದೆ ಎಂದರು ಡಾಕ್ಟರು. ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಮಿಷಿನ್ನು ಮಾದೇಶನ ಮಂಚದ ಪಕ್ಕಕ್ಕೆ ಬಂತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡವನು ಅದರ ಉದ್ದದಷ್ಟು ದೂರ ಮಾತ್ರ ಓಡಾಡುವವನಾದ. ಇನ್ವರ್ಟರ್ ಡಬ್ಬ ಬಿಚ್ಚದೆ ವ್ಯಾನಿನಲ್ಲೇ ಉಳಿಯಿತು.

ಮುಂಗಾರಿಗೆ ಮೊದಲಿನ ಆ ಬಿರುಗಾಳಿ ಬಂದದ್ದು ಒಂದು ಸಂಜೆ. ಕಾಡಿನಂಚಿನ ಮರಗಳು ರಸ್ತೆಗೆ ಅಡ್ಡ ಬಿದ್ದವು, ಲೈಟುಕಂಬಗಳು ಕಡ್ಡಿಯಂತೆ ಮುರಿದವು. ಬೆಳಗಾದರೂ ಕರೆಂಟಿಲ್ಲ, ಮಿಷಿನ್ನು ನಿಂತಿತ್ತು. ತಾಪತ್ರಯಕ್ಕೆಂದು ಇಟ್ಟುಕೊಂಡಿದ್ದ ಆಕ್ಸಿಜನ್ ಸಿಲಿಂಡರಿನ ಮುಳ್ಳು ಕೆಂಪು ಗೆರೆಯತ್ತ ಇಳಿಯುತ್ತಿತ್ತು. ಆಂಬುಲೆನ್ಸಿನವರು ಮರ ತೆಗೆದ ಮೇಲೆ ಬರುತ್ತೇವೆ ಎಂದರು. ಗುಂಡ್ಲುಪೇಟೆಯಲ್ಲಿ ಗೂಡ್ಸ್ ಆಟೊ ಓಡಿಸುವ ನಾಗಲಕ್ಷ್ಮಿಯ ತಮ್ಮ ಸಾಗರ್, "ಅಕ್ಕ, ಸಿಲಿಂಡ್ರು ತಕ್ಕಂಡು ಹೊಂಟೆ, ದಿಗ್ಲು ಬೀಳ್ಬ್ಯಾಡ" ಅನ್ನುವಷ್ಟರಲ್ಲಿ ಫೋನಿನ ಟವರೂ ಸತ್ತಿತು.

ನಾಗಲಕ್ಷ್ಮಿ ಅಂಗಳದಲ್ಲಿ ನಿಂತು ವ್ಯಾನಿನ ತಲೆಯ ಮೇಲೆ ಬಿದ್ದಿದ್ದ ಎಳೆಬಿಸಿಲನ್ನು ನೋಡಿದಳು. ಊರಲ್ಲಿ ಕರೆಂಟು ಇದ್ದುದು ಆ ಬ್ಯಾಟರಿಯೊಳಗೆ ಮಾತ್ರ.

ಪಕ್ಕದ ಮನೆಯ ಬೀರಯ್ಯನನ್ನು ಕೂಗಿದಳು. ಇಬ್ಬರೂ ಸೇರಿ ಮಾದೇಶನನ್ನು ಎತ್ತಿ ವ್ಯಾನಿನ ಮಂಚಕ್ಕೆ ಸಾಗಿಸಿದರು, ಸಿಲಿಂಡರನ್ನೂ ಮಿಷಿನ್ನನ್ನೂ ಪಕ್ಕಕ್ಕೆ ತಂದರು. ಅವಳು ಡಬ್ಬ ಒಡೆದು ಇನ್ವರ್ಟರ್ ಈಚೆ ತೆಗೆದಳು.

"ನೀವು ಯೋಳಿ, ನಾನು ಕೂಡುಸ್ತಿನಿ."

"ನಿನ್ ಕೈಲಿ... ಆಗದಿಲ್ಲ ಕಣಮ್ಮಿ" ಎಂದ ಮಾದೇಶ. ಒಂದು ಉಸಿರಿಗೆ ಎರಡೇ ಮಾತು ಬರುತ್ತಿತ್ತು.

"ಆಗ್ದೆ ಇದ್ರೆ ಇನ್ಯಾರ್ ಕೈಲಿ ಆದದು? ಯೋಳಿ ಅಂದ್ರೆ!"

ಅವನು ಹೇಳಿದ. ಹಸಿರು ತಂತಿ ಗಾಡಿಯ ಮೈಗೆ. ಫ್ಯೂಸು ಬ್ಯಾಟರಿಗೆ ಒತ್ತಾಗಿ. ಇನ್ವರ್ಟರಿನ ಕೆಂಪು ತಿರುಪು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಮಂಚದ ಕೆಳಗೆ ಅಂಗಾತ ಮಲಗಿ ಸ್ಪ್ಯಾನರ್ ತಿರುಗಿಸಿದಳು. ಕೊನೆಯ ತಂತಿ ತಾಗಿದ್ದೇ ಚಟ್ಟೆಂದು ಕಿಡಿ ಹಾರಿತು. ಅವಳು ಕೈ ಕಿತ್ತುಕೊಂಡು, "ಅಯ್ಯೋ ಮಾದಪ್ಪ, ಸುಟ್ಟೋಯ್ತು!" ಎಂದು ಕಿರುಚಿದಳು.

"ಮೊದ್ಲು ತಾಗ್ದಾಗ... ಕಿಡಿ ಅಂಗೇ. ಬುಡು."

ಸ್ವಿಚ್ಚು ಒತ್ತಿದಳು. ಹಸಿರು ದೀಪ ಹತ್ತಿತು, ಒಳಗಿನ ಫ್ಯಾನು ಗುಯ್ ಅಂದಿತು. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಮಿಷಿನ್ನಿನ ಪ್ಲಗ್ಗು ಚುಚ್ಚಿ ಚಾಲೂ ಮಾಡಿದ್ದೇ ತಡ, ಅದು ಒಮ್ಮೆ ನರಳಿತು, ಇನ್ವರ್ಟರ್ ಕೀ ಕೀ ಎಂದು ಅರಚಿ ಆರಿಹೋಯಿತು. ಇನ್ನೊಮ್ಮೆ ಹಾಕಿದಳು, ಮತ್ತೂ ಅದೇ. ತಂತಿ ಮುಟ್ಟಿದರೆ ಕಾವಲಿಯಂತೆ ಸುಡುತ್ತಿತ್ತು.

"ತಂತಿ ಸಣ್ಣ..." ಮಾದೇಶ ಕಣ್ಣು ಮುಚ್ಚಿಕೊಂಡೇ ಅಂದ. "ದಪ್ಪಂದು... ಬೇಕು."

ದಪ್ಪನೆಯದನ್ನು ಎಲ್ಲಿಂದ ತರುವುದು? ಪೇಟೆ ಬಿದ್ದ ಮರಗಳ ಆಚೆ ಇತ್ತು. ಅವಳು ತಲೆಯ ಮೇಲೆ ಕೈ ಹೊತ್ತು ಕುಳಿತಳು. ಬೀರಯ್ಯ ಇಳಿದು ಹೋದವನು ತನ್ನ ಟ್ರಾಕ್ಟರಿನ ಬ್ಯಾಟರಿ ಕೇಬಲ್ಲುಗಳನ್ನೇ ಬಿಚ್ಚಿಕೊಂಡು ಬಂದ. ಹೆಬ್ಬೆರಳಷ್ಟು ದಪ್ಪ. ಗ್ರೀಸು ಮೆತ್ತಿ ಎರಡೂ ಕರ್ರಗಿದ್ದವು.

ಅಷ್ಟರಲ್ಲಿ ಸಿಲಿಂಡರಿನ ಸುಯ್ ಸದ್ದು ಸಣ್ಣದಾಗಿತ್ತು. ಮಾದೇಶನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಗಲಕ್ಷ್ಮಿ ಅವನ ಕೆನ್ನೆ ತಟ್ಟಿ, "ಮೊದ್ಲಿನಂಗೇ ಕೂಡುಸ್ಲಾ? ಕೆಂಪು ಪ್ಲಸ್ಸಿಗಾ?" ಎಂದಳು.

ಅವನು ಬಹಳ ಕಷ್ಟದಲ್ಲಿ ಕಣ್ಣು ತೆರೆದ. "ಅಲ್ಲ... ಕೆಂಪು ಮೈನಸ್ಸಿಗೆ. ತಿರುಗ್ಸಿ... ಆಕು."

 ಹಾಗಾದರೆ ಮೊದಲು ಕೂಡಿಸಿದ್ದೇ ತಪ್ಪೇ? ಅದಕ್ಕೇ ಆರಿತೇ? ತಿರುಗಾಮುರುಗಾ ಆದರೆ ಇನ್ವರ್ಟರ್ ಸುಟ್ಟು ಬೂದಿ ಎಂದು ಇದೇ ಬಾಯಲ್ಲಿ ಅವನು ಎಷ್ಟೋ ಸಲ ಹೇಳಿದ್ದ. ಇನ್ನೊಂದು ಇನ್ವರ್ಟರ್ ಇಲ್ಲ.

"ಅವ್ನೇ ಯೋಳ್ತಾವ್ನಲ್ಲವ್ವ, ಅಂಗೇ ಆಕು. ಗಾಡಿ ಕೆಲ್ಸ ಅವ್ನಿಗ್ಗೊತ್ತು" ಎಂದ ಬೀರಯ್ಯ.

ಮದುವೆಯಾದಾಗಿನಿಂದ ಗಾಡಿಯ ವಿಚಾರದಲ್ಲಿ ಅವಳು ಗಂಡನ ಮಾತಿಗೆ ಎದುರಾಡಿದವಳಲ್ಲ. ಅವನ ಮುಖ ನೋಡಿದಳು. ಕಣ್ಣು ಎಲ್ಲೋ ಇತ್ತು. ತನ್ನನ್ನು ಗುರುತು ಹಿಡಿದಿದ್ದಾನೋ ಇಲ್ಲವೋ ಎಂಬುದೇ ಅನುಮಾನ. ಹಸಿರು ದೀಪ ಹತ್ತಿತ್ತಲ್ಲ, ಎಂದುಕೊಂಡಳು. ಫ್ಯಾನು ತಿರುಗಿತಲ್ಲ. ತಪ್ಪಾಗಿದ್ದರೆ ತಿರುಗುತ್ತಿತ್ತೇ? ಈ ಮಾತು ಇವರದ್ದಲ್ಲ, ಉಸಿರಿಲ್ಲದ ತಲೆಯದು.

"ಇಲ್ಲ ಕಣಪ್ಪ. ಕೆಂಪು ಪ್ಲಸ್ಸಿಗೇಯ."

ಕರೀ ಕೇಬಲ್ಲುಗಳು ಮಂಚದಡಿಯ ಕತ್ತಲಲ್ಲಿ ಅದಲುಬದಲಾಗದಂತೆ, ಕೆಂಪಿಗೆ ಹೋಗುವ ಒಂದರ ಎರಡೂ ತುದಿಗೆ ತನ್ನ ಹಣೆಯ ಕುಂಕುಮ ಒರೆಸಿ ಮೆತ್ತಿದಳು. ಬ್ಯಾಟರಿಯ ಮೇಲಿನ ಪ್ಲಸ್ಸಿನ ಗುರುತನ್ನು ಬೆರಳಿನಿಂದ ತಡವಿ, ಮತ್ತೊಮ್ಮೆ ತಡವಿ ಖಾತ್ರಿ ಮಾಡಿಕೊಂಡಳು. ಸ್ಪ್ಯಾನರ್ ಜಾರಿ ಬೆರಳ ಚರ್ಮ ಸುಲಿಯಿತು. ಸಿಲಿಂಡರಿನ ಸದ್ದು ನಿಂತೇಹೋಯಿತು. ಬೀರಯ್ಯ ಟವಲಿನಿಂದ ಮಾದೇಶನಿಗೆ ಗಾಳಿ ಹಾಕುತ್ತಾ, "ಬಿರ್ನೆ ಕಣವ್ವ, ಬಿರ್ನೆ" ಎಂದು ಅಳುವ ದನಿಯಲ್ಲಿ ಅನ್ನುತ್ತಿದ್ದ.

ಕಿಡಿ ಹಾರಿತು. ಈ ಸಲ ಅವಳು ಕೈ ತೆಗೆಯಲಿಲ್ಲ, ಬೋಲ್ಟು ಬಿಗಿದಳು. ಹಸಿರು ದೀಪ. ಮಿಷಿನ್ನು ನರಳಿತು, ತಡವರಿಸಿತು, ಆಮೇಲೆ ಧಬ್ ಧಬ್ ಎಂದು ಹೆಜ್ಜೆ ಕಂಡುಕೊಂಡಿತು. ನಳಿಗೆಯನ್ನು ಗಂಡನ ಮೂಗಿಗೆ ಸಿಕ್ಕಿಸಿ ತನ್ನ ಕೈಯಲ್ಲೇ ಒತ್ತಿ ಹಿಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಅವಳು ದೇವರನ್ನು ನೆನೆಯಲೂ ಮರೆತು ಆ ತುಟಿಯನ್ನೇ ನೋಡುತ್ತಿದ್ದಳು. ಕೊನೆಗೆ ನೇರಳೆ ಸ್ವಲ್ಪ ಸ್ವಲ್ಪವೇ ಕರಗಿತು. ಮಾದೇಶ ಅವಳನ್ನು ನೋಡಿ, "ಕೈಗೇನಾಯ್ತು... ರಕ್ತ?" ಎಂದ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮೋಡ ಬಂದಾಗಲೆಲ್ಲ ಬ್ಯಾಟರಿ ಎಲ್ಲಿ ಕೈಕೊಡುವುದೋ ಎಂದು ಜೀವ ಹಿಡಿದು ಕೂತರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಗರ್ ಆಟೊವನ್ನು ಮರಗಳ ಆಚೆಗೇ ಬಿಟ್ಟು, ಸಿಲಿಂಡರ್ ಹೆಗಲ ಮೇಲೆ ಹೊತ್ತು ಬಂದ. ಮರ ಕಡಿದು ದಾರಿ ಬಿಡಿಸಿದ ಮೇಲೆ ಅವನೇ ವ್ಯಾನು ಓಡಿಸಿ ಭಾವನನ್ನು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದ.

ಮನೆಗೆ ಮರಳಿದ ಮೇಲೆ ಮಾದೇಶ ಆ ಮಾತು ನಂಬಲೇ ಇಲ್ಲ. "ನಾನು ಕೆಂಪು ಮೈನಸ್ಸಿಗೆ ಅಂದ್ನಾ? ಸುಳ್ಳು ಯೋಳ್ಬ್ಯಾಡ ಕಣಮ್ಮಿ."

"ಬೀರಯ್ಯಪ್ಪನ್ನೇ ಕೇಳಿ."

ಅವನು ನಕ್ಕ, ನಗುವಿಗೂ ಕೆಮ್ಮು ಬಂತು. "ನನ್ ಮಾತು ಕೇಳ್ದೆ ಇದ್ದದ್ದು ಒಳ್ಳೇದಾಯ್ತು ಬುಡು."

ಸೂರ್ಯಕಾಂತಿ ಅರಳಿದಾಗ ಒಂದು ದಿನ ಸಾಗರ್ ಇಬ್ಬರನ್ನೂ ಗುಂಡ್ಲುಪೇಟೆಯವರೆಗೆ ಕರೆದೊಯ್ದ. ಹೊಲದ ಬದಿಗೆ ವ್ಯಾನು ನಿಲ್ಲಿಸಿ ನಾಗಲಕ್ಷ್ಮಿ ಕಾಫಿ ಕಾಸಿದಳು. ಮಾದೇಶ ಕಿಟಕಿಗೆ ಹಣೆ ಆನಿಸಿ ಹೆದ್ದಾರಿಯ ಲಾರಿಗಳನ್ನು ನೋಡುತ್ತಾ ಕಾಫಿ ಆರಿಸಿಕೊಂಡು ಕುಡಿದ. ಅವರ ಪ್ರವಾಸ ಅದೊಂದೇ.

ಕಾರ್ತಿಕದ ಚಳಿಯಲ್ಲಿ ಅವನು ತೀರಿಕೊಂಡ. ಅಂದು ಊರಲ್ಲಿ ಕರೆಂಟು ಇತ್ತು. ತುಂಬಿದ ಸಿಲಿಂಡರ್ ಮೂಲೆಯಲ್ಲಿತ್ತು. ಏನೂ ಕೈಕೊಟ್ಟಿರಲಿಲ್ಲ, ಸರಿಪಡಿಸಲು ಅವಳಿಗೆ ಏನೂ ಉಳಿದಿರಲಿಲ್ಲ. ಜನ ಬಂದು ಸೇರಿದರೂ ಮಿಷಿನ್ನು ಧಬ್ ಧಬ್ ಎನ್ನುತ್ತಲೇ ಇತ್ತು. ಯಾರೂ ಅದರತ್ತ ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ನಾಗಲಕ್ಷ್ಮಿಯೇ ಎದ್ದು ಸ್ವಿಚ್ಚು ಆರಿಸಿದಳು.