ಬಿ.ಜಿ. ಕೆರೆಗೆ ಬಂದ ಅಮೆರಿಕದ ಕಾರು

ನಮ್ಮ ಕಡೆ ಒಂದು ರೂಢಿಯಿದೆ. ಹಸುವೋ ಎತ್ತೋ ಕೊಳ್ಳುವುದಿದ್ದರೆ ಅದರ ಹಗ್ಗ ನಮ್ಮ ಮನೆಯ ಗೂಟಕ್ಕೆ ಬೀಳುವ ತನಕ ಬಾಯಿ ಬಿಡಬಾರದು. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಹೊರಟೆ ಎಂದರೆ ‘ಇಲ್ಲೇ’ ಎಂದು ಸಾಗಬೇಕು. ಹೇಳಿಕೊಂಡು ಹೊರಟ ಕೆಲಸ ಕೆಡುತ್ತದೆ, ಕಣ್ಣು ಬೀಳುತ್ತದೆ. ನಮ್ಮವ್ವ ಈ ಕಾನೂನನ್ನು ಕುರಿಮರಿಗೂ ಹೊಲಿಗೆ ಮಿಷನ್ನಿಗೂ ನನ್ನ ಮದುವೆಗೂ ಅನ್ವಯಿಸಿದವಳು. ಹೆಣ್ಣು ಗೊತ್ತಾದ ಸುದ್ದಿ ಊರಿಗಿರಲಿ, ನನಗೇ ತಡವಾಗಿ ತಿಳಿಯಿತು. ನಾನು ಅದನ್ನು ಅಮೆರಿಕದ ಕಾರಿಗೆ ಅನ್ವಯಿಸಿದೆ.

ಚಳ್ಳಕೆರೆಯಲ್ಲಿ ನನ್ನದು ಲಾರಿ, ಟ್ರ್ಯಾಕ್ಟರುಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿಯಿದೆ, ಅದರ ಮೇಲೆ ನಾನು ಕೂತದ್ದನ್ನು ಕಂಡವರು ಕಡಿಮೆ. ಗಿರಾಕಿ ಮಾತು ಮುಗಿಸುವ ಮೊದಲೇ ಒಳಗೆ ನುಗ್ಗಿ ಬೇರಿಂಗ್ ತಂದಿಡುತ್ತೇನೆ, ಅರ್ಧ ಸಲ ಅದು ತಪ್ಪು ಬೇರಿಂಗ್ ಆಗಿರುತ್ತದೆ. ‘ನಿನ್ನ ಕಾಲಾಗೆ ಚಕ್ರ ಐತೆ ಕಣೋ’ ಎಂದು ಅವ್ವ ಅನ್ನುತ್ತಿದ್ದಳು. ಹೆಂಡತಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಅವಳು ಏನೂ ಅನ್ನುವುದಿಲ್ಲ, ಕನ್ನಡಕ ಇಳಿಸಿ ನೋಡುತ್ತಾಳೆ, ಅಷ್ಟೇ.

ಕಾರು ಬೇಕಾದದ್ದು ನನಗಲ್ಲ, ಸೋದರಮಾವನಿಗೆ. ಅವ್ವನ ಅಣ್ಣ, ಬಿ.ಜಿ. ಕೆರೆಯವರು. ಕುರಿ ಸಾಕಿದ ಮನೆತನದಲ್ಲಿ ಹುಟ್ಟಿ ಅದು ಹೇಗೋ ಡ್ರೈವರ್ ಆದವರು. ಚಳ್ಳಕೆರೆಯ ಎಣ್ಣೆಮಿಲ್ಲಿನ ಸಾಹುಕಾರರೊಬ್ಬರ ಬಳಿ ಒಂದು ಅಮೆರಿಕದ ಕಾರಿತ್ತು. ಹಾಲಿನ ಕೆನೆಯ ಬಣ್ಣ, ಮುಂದೆ ಹೊಳೆಯುವ ಬಂಪರ್, ಸ್ಟಿಯರಿಂಗ್ ಎಡಗಡೆಗೆ. ಆ ಕಾಲಕ್ಕೆ ಸುತ್ತ ಹತ್ತೂರಿನಲ್ಲಿ ಅಂಥದ್ದು ಅದೊಂದೇ. ಸಾಹುಕಾರರ ಮನೆಯಲ್ಲಿ ಮದುವೆ ಗೊತ್ತಾದರೆ ಹೆಂಗಸರು ರೇಷ್ಮೆ ಸೀರೆಗೆಂದು ಮೊಳಕಾಲ್ಮೂರಿಗೆ ಹೋಗುತ್ತಿದ್ದುದು ಅದರಲ್ಲೇ. ನಾನು ಚಿಕ್ಕವನಿದ್ದಾಗ ಹಾಗೊಂದು ಸಲ ಮಾವ ನನ್ನನ್ನೂ ಮುಂದೆ ತಮ್ಮ ಪಕ್ಕ ಕೂರಿಸಿಕೊಂಡು ಹೋದರು. ಗೇರು ಸ್ಟಿಯರಿಂಗಿನ ಬುಡದಲ್ಲೇ ಇತ್ತು. ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ಹಾಕುತ್ತಿದ್ದ ಠೀವಿಯನ್ನು ನೋಡುತ್ತ ದಾರಿಯನ್ನೇ ನೋಡಲಿಲ್ಲ. ಹಿಂದೆ ಹೆಂಗಸರು ನಗುತ್ತಿದ್ದರು, ಮಾವ ಮಾತ್ರ ತುಟಿ ಬಿಚ್ಚಲಿಲ್ಲ. ಯಾಕೆಂದು ಕೇಳಿದೆ. ‘ಹಿಂದೆ ಕೂತೋರ್ನ ನಾವಾಗೇ ಮಾತಾಡಿಸ್ಬಾರ್ದು ಕಣೋ’ ಎಂದು ಪಿಸುಗುಟ್ಟಿದರು. ಆ ಮಾತು ನನಗೆ ಮುಖ್ಯವಾಗಿ ಕಾಣಲಿಲ್ಲ. ನನ್ನ ಕಣ್ಣೆಲ್ಲ ಗೇರಿನ ಮೇಲಿತ್ತು.

ಸಾಹುಕಾರರು ತೀರಿಕೊಂಡ ಮೇಲೆ ಕಾರು ಗುಜರಿಗೆ ಹೋಯಿತು. ಮಾವ ಕೆಲಕಾಲ ಲಾರಿ ಓಡಿಸಿ, ಕೊನೆಗೆ ಊರಿಗೆ ಮರಳಿ ಕುರಿ ಕಟ್ಟಿದರು.

ಹೋದ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡು ದಾವಣಗೆರೆಗೆ ಕರೆದುಕೊಂಡು ಹೋದೆ. ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡ ಎಂದರು ಡಾಕ್ಟರು. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಹಿಡಿದುಕೊಳ್ಳಬೇಕು, ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು. ಮಾವ ತಲೆಯಾಡಿಸಿ, ಆಸ್ಪತ್ರೆ ಕ್ಯಾಂಟೀನಿನಲ್ಲಿ ಮಿರ್ಚಿ ಸಿಗುತ್ತದೇನೋ ಎಂದು ಕೇಳಿದರು.

ವಾಪಸು ಬರಲು ಕಾರಿನ ಹತ್ತಿರ ಬಂದಾಗ ಮಾವ ಹಿಂದಿನ ಬಾಗಿಲಿಗೆ ಕೈ ಹಾಕಿದರು.

“ಅಲ್ಲಿ ಯಾಕೆ ಮಾವ? ಹಿರೇರು ನೀವು, ಮುಂದೆ ಬರ್ರಿ.”

“ಇಲ್ಲೇ ಕೂರ್ತೀನಿ ಬಿಡೋ. ಮುಂದೆ ಕೂತ್ರೆ ನನ್ ಕಾಲು ಬ್ರೇಕ್ ಹುಡುಕ್ತವೆ.”

ನಾನು ಬಿಡಲಿಲ್ಲ. ಕೈಹಿಡಿದು ತಂದು ಮುಂದೆಯೇ ಕೂರಿಸಿದೆ. ಹಿರಿಯರನ್ನು ಹಿಂದೆ ಕೂರಿಸಿದರೆ ಕಂಡವರು ಏನಂದಾರು? ದಾರಿಯುದ್ದಕ್ಕೂ ಅವರ ಬಲಗಾಲು ಅಡಿಯ ಮ್ಯಾಟನ್ನು ಒತ್ತುತ್ತಲೇ ಇತ್ತು. ಡ್ರೈವಿಂಗ್ ಹುಚ್ಚು ಇನ್ನೂ ಬಿಟ್ಟಿಲ್ಲ ಮುದುಕನಿಗೆ ಎಂದುಕೊಂಡೆ. ಚಿತ್ರದುರ್ಗ ದಾಟುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಮಾವ ಇನ್ನೊಂದು ಸಲ ಆ ಸ್ಟಿಯರಿಂಗ್ ಹಿಡಿಯಬೇಕು. ಅಂಥದ್ದೇ ಗಾಡಿ, ಅದೇ ಕೆನೆ ಬಣ್ಣ, ಅದೇ ಎಡಗಡೆ.

ಅಷ್ಟು ಹಳೆಯ ಗಾಡಿಯನ್ನು ಹೊರದೇಶದಿಂದ ತರಿಸಲು ಅನುಮತಿಯಿದೆ ಎಂದು ತಿಳಿದ ದಿನ ನಾನು ಅಂಗಡಿಗೆ ಹೋಗಲಿಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ, ಅಮೆರಿಕದ ಯಾವುದೋ ಒಣ ಸೀಮೆಯಲ್ಲಿ ಅಂಥದ್ದೇ ಗಾಡಿ ಮಾರಲಿಟ್ಟಿದ್ದ ಒಬ್ಬ ಮುದುಕನನ್ನು ಹಿಡಿದೆ. ನಮ್ಮಲ್ಲಿ ಮಳೆಯೇ ಇಲ್ಲ, ಹಾಗಾಗಿ ಗಾಡಿಗೆ ತುಕ್ಕಿಲ್ಲ ಎಂದು ಬರೆದುಕೊಂಡಿದ್ದ. ಮಳೆ ಬಾರದ್ದನ್ನು ಬಂಡವಾಳ ಮಾಡಿಕೊಂಡವನನ್ನು ಅದೇ ಮೊದಲು ಕಂಡದ್ದು. ಚಳ್ಳಕೆರೆಯವನಾದ ನನಗೆ ಆತನ ಮೇಲೆ ಅಲ್ಲಿಯೇ ನಂಬಿಕೆ ಹುಟ್ಟಿತು.

ಬಳ್ಳಾರಿ ರಸ್ತೆಯ ಸೈಟು ಮಾರಿದೆ. ಹೆಂಡತಿ ಕನ್ನಡಕ ಇಳಿಸಿ ನೋಡಿದಳು. ಆಮೇಲೆ, “ಒಂದು ಎಮ್ಮೆ ಕೊಳ್ಳಬೇಕಾದರೆ ಹಲ್ಲು ನೋಡ್ತೀರಿ, ಸುಳಿ ನೋಡ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀರಿ. ಇದನ್ನ ಫೋನಲ್ಲಿ ನೋಡಿ ಕೊಳ್ತೀರಾ?” ಎಂದಳು. ಆದರೂ ವಿಡಿಯೋ ಕಾಲ್‌ನಲ್ಲಿ ಆ ಮುದುಕನ ಜೊತೆ ಮಾತಾಡಿದ್ದು ಅವಳೇ. ನನ್ನ ಇಂಗ್ಲಿಷು ಬೋಲ್ಟು ನಟ್ಟಿನಾಚೆ ಹೋಗುವುದಿಲ್ಲ.

ಸ್ಟಿಯರಿಂಗ್ ತೋರಿಸಲು ಹೇಳು ಎಂದೆ. ಗೇರು ತೋರಿಸಲು ಹೇಳು. ಇನ್ನೊಂದು ಸಲ ಸ್ಟಿಯರಿಂಗ್. ಮುದುಕ ಪಾಪ ತೋರಿಸಿದ್ದನ್ನೇ ತೋರಿಸಿದ. ಆಮೇಲೆ ಏನೋ ಕೇಳಿದ.

“ಹಿಂದಿನ ಸೀಟನ್ನ ಇಲಿ ತಿಂದಿದೆಯಂತೆ,” ಎಂದಳು ಹೆಂಡತಿ. “ಕೊಳಕು ಇದ್ದರೆ ಬಂದರಿನಲ್ಲಿ ತಕರಾರು ಬರಬಹುದಂತೆ. ಹೊಸದಾಗಿ ಹೊಲಿಸಿ ಹಾಕಲೋ, ತೆಗೆದುಬಿಡಲೋ ಅಂತ ಕೇಳ್ತಿದಾರೆ. ಹೊಲಿಸೋಕೆ ತಿಂಗಳು ಹಿಡಿಯುತ್ತಂತೆ.”

“ತಿಂಗಳಾ? ತೆಗೆದು ಎಸೀಲಿ. ಬೇಗ ಹಡಗು ಹತ್ತಿಸ್ಲಿ.”

“ಹಿಂದೆ ಯಾರೂ ಕೂರಲ್ವಾ?”

“ಮಾವ ಸ್ಟಿಯರಿಂಗಿಗೆ ಕೂರ್ತಾರೆ, ನಾನು ಪಕ್ಕಕ್ಕೆ ಕೂರ್ತೀನಿ. ಹಿಂದಿಂದು ಯಾರಿಗೆ ಬೇಕು?”

ಅವಳು ಮುದುಕನಿಗೆ ಹಾಗೆಯೇ ಹೇಳಿದಳು.

ಆಮೇಲೆ ಶುರುವಾಯಿತು ಕಾಯುವ ಶಿಕ್ಷೆ. ಹಡಗು ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು. ನೀಲಿ ಸಮುದ್ರದ ಮೇಲೆ ಒಂದು ಚುಕ್ಕೆ. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲೇ, ತಿಂಡಿ ತಿಂದು ನೋಡಿದರೂ ಅಲ್ಲೇ. ಗಿರಾಕಿ ಕ್ಲಚ್ ಪ್ಲೇಟ್ ಕೇಳಿದರೆ ಒಂದು ಕೈಯಲ್ಲಿ ಪ್ಲೇಟು, ಇನ್ನೊಂದರಲ್ಲಿ ಸಮುದ್ರ. ಒಂದು ಬಂದರಿನಲ್ಲಿ ಆ ಚುಕ್ಕೆ ಅಲುಗಾಡದೆ ನಿಂತುಬಿಟ್ಟಿತು. ಸರಕನ್ನು ಬೇರೆ ಹಡಗಿಗೆ ಏರಿಸುತ್ತಾರೆ, ಸರದಿ ಬರಬೇಕು ಎಂದ ಚೆನ್ನೈನ ಏಜೆಂಟ್. ಅವನ ಮೇಲೆ ಕೂಗಾಡಿದೆ. ಅವನು ತಮಿಳಿನಲ್ಲಿ ಏನೋ ಅಂದ. ಅರ್ಥವಾಗದೆ ಇದ್ದದ್ದು ಇಬ್ಬರಿಗೂ ಒಳ್ಳೆಯದಾಯಿತು.

ತಡೆಯಲಾರದೆ ಎರಡು ದಿನಕ್ಕೊಮ್ಮೆ ಬಿ.ಜಿ. ಕೆರೆಗೆ ಓಡುತ್ತಿದ್ದೆ. ಮಾವ ಜಗಲಿಯ ಮೇಲೆ ಕೂತಿರುತ್ತಿದ್ದರು. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆ ಕೈತೋರಿಸಿ, “ಮಾವ, ಅಲ್ಲೇನ್ ಕಾಣ್ತೈತೆ?” ಎಂದು ಕೇಳುತ್ತಿದ್ದೆ. ಮೊದಮೊದಲು ರೆಕ್ಕೆ ತಿರುಗುವುದು ಕಾಣುತ್ತದೆ ಎಂದರು. ಆಮೇಲೆ ಕಂಬ ಕಾಣುತ್ತದೆ ಎಂದರು. ಆಮೇಲೆ ಗುಡ್ಡ.

“ಏನ್ಲೇ, ಬಂದಾಗೆಲ್ಲ ಇದೇ ಕೇಳ್ತೀಯಾ. ನನ್ ಕಣ್ಣೇನು ನಿನ್ ಅಂಗಡಿ ಮೀಟ್ರಾ?” ಎಂದು ರೇಗಿದರು.

ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ಹಗ್ಗ ಇನ್ನೂ ಗೂಟಕ್ಕೆ ಬಿದ್ದಿರಲಿಲ್ಲ. ನುಂಗಿಕೊಂಡೆ. ಒಳಗಿನಿಂದ ಅತ್ತೆ ಮಜ್ಜಿಗೆ ತಂದುಕೊಟ್ಟರು. ಅತ್ತೆ ರಾಯದುರ್ಗದ ಕಡೆಯವರು, ಮಾತಿನ ಮಧ್ಯೆ ತೆಲುಗು ತೂರುತ್ತದೆ. “ಪೋನೀಲೇ, ಹೋಗ್ಲಿ ಬಿಡ್ರಿ. ಹುಡುಗ ಅಷ್ಟು ದೂರದಿಂದ ಬರ್ತಾನೆ,” ಎಂದು ಗಂಡನನ್ನು ಸಮಾಧಾನ ಮಾಡಿದರು. ಆ ಹುಡುಗನಿಗೆ ಐವತ್ತು ದಾಟಿತ್ತು.

ಕೊನೆಗೂ ಚೆನ್ನೈ ಬಂದರಿನಿಂದ ಬಿಡುಗಡೆಯಾಗಿ, ಲಾರಿ ಏರಿ, ಹಿರಿಯೂರಿನ ಮೇಲೆ ಗಾಡಿ ಚಳ್ಳಕೆರೆಗೆ ಬಂದಾಗ ಬಿಸಿಲು ಕಾಲ. ಮೆಕ್ಯಾನಿಕ್ಕನ ತಲೆ ತಿಂದು ಬ್ರೇಕು, ಬ್ಯಾಟರಿ, ಕಾರ್ಬೊರೇಟರ್ ಸರಿಮಾಡಿಸಿದೆ. ಮುಂದಿನ ಸೀಟಿಗೆ ಹೊಸ ಕುಷನ್ ಹಾಕಿಸಿದೆ. ಹಿಂದೆ ಬೋಳು ತಗಡು. ಅದರ ಮೇಲೆ ಸ್ಟೆಪ್ನಿ, ಜಾಕು, ನೀರಿನ ಕ್ಯಾನು ಹಾಕಿಕೊಂಡು ಹೊರಟದ್ದು. ರಿಜಿಸ್ಟ್ರೇಷನ್ ಇನ್ನೂ ಆಗಿರಲಿಲ್ಲವಾದ್ದರಿಂದ ರಸ್ತೆಯ ಮೇಲೆ ಓಡಿಸುವಂತಿರಲಿಲ್ಲ. ಅದಾಗುವವರೆಗೆ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಹೆಂಡತಿಯನ್ನೂ ಕರೆದುಕೊಂಡು, ಲಾರಿ ಮೇಲೆಯೇ ಒಯ್ದು ಮಾವನ ಹೊಲದಲ್ಲಿ ಇಳಿಸಿದೆ. ಕಡಲೆಕಾಯಿ ಕಿತ್ತು ಖಾಲಿ ಬಿದ್ದ ನೆಲ, ಒಂದು ಗಿಡವಿಲ್ಲ.

ಅತ್ತೆ ಮಾವನ ಕೈ ಹಿಡಿದು ಕರೆತಂದರು. ಜೊತೆಗೆ ಅರ್ಧ ಊರು. ಮಾವನಿಗೆ ಆಗ ಬೆಳಕು, ನೆರಳು, ದೊಡ್ಡ ಆಕಾರ ಇಷ್ಟೇ ಕಾಣುತ್ತಿದ್ದುದು. ಕೆನೆ ಬಣ್ಣದ ಆ ದೊಡ್ಡ ಆಕಾರದ ಮುಂದೆ ಬಂದು ನಿಂತರು. ಬಾನೆಟ್ಟಿನ ಮೇಲೆ ಕೈಯಿಟ್ಟರು.

“ಇದ್ಯಾವಾಗ ತಂದ್ಯೋ ಅಳಿಯ?”

ನನಗೆ ಅಳು ಬಂತು, ನಗುವೂ ಬಂತು. ಉತ್ತರ ಕೊಡುವ ಬದಲು ಓಡಿಹೋಗಿ ಎಡಗಡೆಯ ಮುಂದಿನ ಬಾಗಿಲು ತೆಗೆದು ಹಿಡಿದೆ. “ಬರ್ರಿ ಮಾವ. ನಿಮ್ ಜಾಗ.”

ಮಾವ ಗಾಡಿಯ ಮೈ ಸವರಿಕೊಂಡು ಬಂದರು. ನಾನು ಹಿಡಿದ ಬಾಗಿಲನ್ನು ದಾಟಿ ಮುಂದೆ ಹೋದರು. ಕಾಣುತ್ತಿಲ್ಲ ಪಾಪ ಎಂದುಕೊಂಡೆ. ಅವರ ಕೈ ಹಿಂದಿನ ಬಾಗಿಲಿನ ಹಿಡಿಯನ್ನು ಹುಡುಕಿ ಹಿಡಿದು ತಿರುಗಿಸಿತು. ಬಗ್ಗಿ ಒಳಗೆ ಕೈ ಹಾಕಿದರು. ತಗಡನ್ನು ತಡವಿದರು, ಜಾಕನ್ನು ತಡವಿದರು.

“ಸೀಟೆಲ್ಲಿ ಹೋತು?”

“ಅದು... ಇಲಿ ತಿಂದಿತ್ತು ಮಾವ. ತೆಗೆಸಿಬಿಟ್ಟೆ. ನೀವು ಓಡಿಸ್ಲಿ ಅಂತ...”

“ಓಡ್ಸಾದೇನೋ ಇದ್ದದ್ದೇ,” ಎಂದರು ಮಾವ. ಕೈಯನ್ನು ಹೊರಗೆ ತೆಗೆಯಲಿಲ್ಲ. “ವಯಸ್ಸೆಲ್ಲ ಮುಂದೇ ಕೂತೆ ಕಣೋ. ಹಿಂದಿನ್ ಸೀಟ್ನ ದಿನಾ ಒರೆಸ್ತಿದ್ದೆ. ಒಂದಿನಾನೂ ಕೂರ್ಲಿಲ್ಲ. ಬಿಸ್ಲಾಗೆ ನಿಲ್ಸಿದ್ರೂ ಗಾಡಿ ಕೆಳಗೆ ಮಲಗ್ತಿದ್ದೆ, ಅದ್ರ ಮೇಲೆ ಮಲಗ್ಲಿಲ್ಲ. ಒಂದ್ ಸಲ ಹಿಂದೆ ಕೂತು, ಕಿಟಕೀಲಿ ಬಯಲು ನೋಡ್ಕೊಂಡು ಹೋಗ್ಬೇಕು ಅಂತಿತ್ತು.”

ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ಅವಳು ನೋಡಿದ್ದರೇ ಚೆನ್ನಾಗಿತ್ತು. ಸಮುದ್ರ ದಾಟಿಸಿ ಅಷ್ಟು ದೊಡ್ಡ ಗಾಡಿ ತಂದವನು ಅದರಲ್ಲಿ ಬೇಕಾದ ಒಂದೇ ಒಂದನ್ನು ಅಲ್ಲಿಯೇ ಎಸೆದು ಬಂದಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಯಿತು. ಚಳ್ಳಕೆರೆಗೆ ಹೋಗಿ ಈಗಲೇ ಸೀಟು ಮಾಡಿಸಿಕೊಂಡು ಬರುತ್ತೇನೆ, ಸಂಜೆಯೊಳಗೆ ಬರುತ್ತೇನೆ ಎಂದು ಏನೇನೋ ಬಡಬಡಿಸಿದೆ.

“ನಿಂತ್ಕೋ ಸುಮ್ನೆ,” ಎಂದರು ಅತ್ತೆ.

ಮನೆಗೆ ಹೋಗಿ ಕರಿ ಕಂಬಳಿ ತಂದರು. ಮನೆಯದೇ ಕುರಿಯ ಉಣ್ಣೆಯಲ್ಲಿ ನೇಯಿಸಿದ್ದು, ಯಾರೂ ಹೊದೆಯುವುದಿಲ್ಲ. ದೇವರ ಕೆಲಸಕ್ಕೆ, ಮದುವೆಯಲ್ಲಿ ಹಿರಿಯರನ್ನು ಕೂರಿಸಲಿಕ್ಕೆ ಗದ್ದುಗೆ ಹಾಸುವುದು ಅದನ್ನೇ. ನಾನು ಜಾಕು, ಸ್ಟೆಪ್ನಿ ಎಳೆದು ಹಾಕಿದೆ. ಅತ್ತೆ ತಗಡು ಒರೆಸಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಸುಕ್ಕು ತೀಡಿ ಹಾಸಿದರು. ಮೂಲೆಗೆ ಚಿಟಿಕೆ ಭಂಡಾರದ ಅರಿಶಿನ ಹಾಕಿದರು. ಮಾವ ಚಪ್ಪಲಿ ಕಳಚಿ ಹೊಲದಲ್ಲಿ ಬಿಟ್ಟು, ತಲೆ ತಗ್ಗಿಸಿ ಹತ್ತಿ, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಪಕ್ಕದಲ್ಲಿ ಅತ್ತೆಯೂ ಕೂತರು.

ನಾನು ಸ್ಟಿಯರಿಂಗಿಗೆ ಕೂತೆ. ಎಡಗಡೆ ಕೂತು ಓಡಿಸಿದ್ದು ಅದೇ ಮೊದಲು, ಗೇರು ಕೈಗೆ ದಕ್ಕಲಿಲ್ಲ. ಗಾಡಿ ಎರಡು ಸಲ ಕುಪ್ಪಳಿಸಿ ನಿಂತಿತು. ಊರಿನವರು ನಕ್ಕರು. ಮೂರನೆಯ ಸಲಕ್ಕೆ ಹೊರಟಿತು. ನೆಲ ಒರಟು, ಆದರೆ ಗಾಡಿ ಒಳ್ಳೆಯದು, ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಯಿತು. ಹೊಲದ ಬದುವಿನ ಹತ್ತಿರ ಕನ್ನಡಿಯಲ್ಲಿ ನೋಡಿದೆ. ಮಾವ ಕಿಟಕಿಯ ಮೇಲೆ ಮೊಳಕೈಯಿಟ್ಟು ಮುಖ ಹೊರಗೆ ಹಾಕಿದ್ದರು. ಗಾಳಿಗೆ ಬಿಳಿ ಕೂದಲು ಎದ್ದಿತ್ತು. ಬಯಲಿನ ಕಡೆಗೇ ತಿರುಗಿದ್ದ ಕಣ್ಣುಗಳಿಗೆ ಏನು ದಕ್ಕುತ್ತಿದೆಯೋ ತಿಳಿಯದೆ ನನಗೆ ತಡೆಯಲಾಗಲಿಲ್ಲ.

“ಏನ್ ಕಾಣ್ತೈತೆ ಮಾವ?”

“ಸುಮ್ನೆ ಓಡ್ಸೋ ಡ್ರೈವರ್,” ಎಂದರು ಮಾವ, ಮುಖ ತಿರುಗಿಸದೆ. “ಹಿಂದೆ ಕೂತೋರ್ನ ಮಾತಾಡಿಸ್ಬಾರ್ದು.”

ನಾನು ಬಾಯಿ ಮುಚ್ಚಿಕೊಂಡು ಓಡಿಸಿದೆ.