ಮನೆಯ ಬಟ್ಟೆಗೆ ಗುರುತಿಲ್ಲ

ಗಿರಾಕಿಗಳ ಬಟ್ಟೆಗೆ ಗುರುತು ಹಾಕಬೇಕು, ಮನೆಯವರ ಬಟ್ಟೆಗೆ ಹಾಕಬಾರದು. ಮದುವೆಯಾಗಿ ಬಂದ ಮರುದಿನವೇ ಗಂಡ ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಇದು. ಕಾಲರಿನ ಒಳಮಗ್ಗುಲಲ್ಲಿ ಕೆಂಪು ದಾರದ ಒಂದು ಅಡ್ಡ ಹೊಲಿಗೆ, ಒಂದು ಉದ್ದ ಹೊಲಿಗೆ. ಅದು ಆ ಲಾಂಡ್ರಿಯ ಗುರುತು. ಬಟ್ಟೆ ನೀರು ಕಾಣುವ ಮುಂಚೆ ಅದಾಗಬೇಕು. ಇಲ್ಲದಿದ್ದರೆ ಒಣಹಾಕುವ ಬಯಲಿನಲ್ಲಿ ಬೇರೆ ಲಾಂಡ್ರಿಗಳ ಬಟ್ಟೆಯೊಡನೆ ಬೆರೆತು ಮೇಷ್ಟರ ಅಂಗಿ ಕಟುಕನ ಮೈಗೇರುತ್ತದೆ, ಅಂಗಡಿಯ ಮಾನ ಬೀದಿಗೆ ಬೀಳುತ್ತದೆ. ಮನೆಯ ಬಟ್ಟೆ ಅಂಗಡಿಯೊಳಗೆ ಬರುವುದೇ ಇಲ್ಲ. ಹಿತ್ತಲ ಬಕೆಟ್ಟಿನಲ್ಲಿ ಒಗೆದು ಅಲ್ಲೇ ಒಣಹಾಕುವುದು.

ಅವಳು ಎರಡನೆಯ ಹೆಂಡತಿ. ಬಂದಾಗ ಮೊದಲನೆಯವಳ ಮಗ ಶಾಲೆಗೆ ಹೋಗುತ್ತಿದ್ದ. ಅವಳು ಬಡಿಸಿದರೆ ತಟ್ಟೆ ತಳ್ಳುತ್ತಿದ್ದ.

“ಅಮ್ಮ ಅನ್ನೋ,” ಎಂದು ಅಪ್ಪ ಗದರಿದರೆ, “ನಮ್ಮಮ್ಮ ಸತ್ತೋದ್ಲು. ಇವ್ಳು ಇಸ್ತ್ರಿ ಮಾಡೋಕೆ ಬಂದವ್ಳು,” ಎನ್ನುತ್ತಿದ್ದ.

ಅಪ್ಪ ನಗುತ್ತಿದ್ದ. ಅವಳೂ ನಗುವಂತೆ ಮಾಡುತ್ತಿದ್ದಳು. ಇವತ್ತಲ್ಲ ನಾಳೆ ಈ ಮನೆಯವರು ತನ್ನನ್ನು ಮನೆಯವಳು ಅಂದುಕೊಳ್ಳುತ್ತಾರೆ, ಅವಳಿಗಿದ್ದ ಆಸೆ ಅದೊಂದೇ. ಅವಳಿಗೆ ಮಕ್ಕಳಾಗಲಿಲ್ಲ. ಒಗೆಯುವ ಸೋಡಾದ ನೀರಿಗೆ ಬೆರಳ ಸಂದು ಬಿರಿದು ಹುಣ್ಣಾಯಿತು. ಹುಡುಗನಿಗೆ ಮೀಸೆ ಬಂತು, ಕೆಲಸ ಬರಲಿಲ್ಲ. ಕೆಟ್ಟ ಗೆಳೆಯರು ಸಿಕ್ಕರು. ಅಪ್ಪನಿಗೆ ಅವನಿನ್ನೂ ಪುಟ್ಟನೇ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲು ಗಂಡ ಒಂದು ಅಂಗಿಯನ್ನು ತಂದು ಅವಳ ಮೇಜಿನ ಮೇಲೆ ಎಸೆದ. ಮಗನ ಅಂಗಿ. ಒದ್ದೆಯಾಗಿತ್ತು. ತೋಳಿನ ತುಂಬ ಕಂದು ಕಲೆ. ಮಗ ಹಿಂದೆ ಗೋಡೆಗೊರಗಿ ನಿಂತಿದ್ದ.

“ಗೋದಾಮಿನ ಕಾವಲಿನವ್ನು ಅಡ್ಡ ಬಂದ. ಕಬ್ಬಿಣದ ಸರಳಲ್ಲಿ ಒಂದೇಟು ಕೊಟ್ಟೆ, ಅಷ್ಟೇ,” ಎಂದ.

“ಬದುಕಿದಾನಾ?”

“ನೀನ್ಯಾರೇ ಕೇಳೋಕೆ?” ಎಂದ ಮಗ.

ಅವಳು ತೋಳನ್ನು ಮೂಸಿದಳು. “ಬಿಸಿನೀರು ಹಾಕಿದ್ದೀಯ. ರಕ್ತಕ್ಕೆ ಬಿಸಿನೀರು ಹಾಕ್ತಾರೇನೋ? ಲಾಂಡ್ರೀಲಿ ಹುಟ್ಟಿ ಬೆಳೆದವ್ನು! ಕಲೆ ಬೆಂದು ಕೂತಿದೆ.”

“ಬಾಯ್ಮುಚ್ಕೊಂಡು ತೊಳಿ,” ಎಂದ ಗಂಡ.

ಅವಳು ಸ್ಟೂಲಿನ ಮೇಲೆ ಕೂತು ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು. ತಲೆಯಲ್ಲಿ ಕಾವಲಿನವನೇ ತುಂಬಿದ್ದ. ಅವನೂ ಅದೇ ಅಂಗಡಿಯ ಗಿರಾಕಿ, ಖಾಕಿ ಬಟ್ಟೆ ತರುತ್ತಿದ್ದ. ಕೈ ಮಾತ್ರ ತನ್ನ ಪಾಡಿಗೆ ತಾನು ಸೂಜಿ ಹಿಡಿಯಿತು. ಆ ಮೇಜಿಗೆ ಬಂದ ಬಟ್ಟೆಗೆಲ್ಲ ಮಾಡಿದ್ದನ್ನೇ ಇದಕ್ಕೂ ಮಾಡಿತು. ಅಡ್ಡ ಒಂದು, ಉದ್ದ ಒಂದು. ಆಮೇಲೆ ತಣ್ಣೀರು, ಉಪ್ಪು, ತಿಕ್ಕಿದ್ದೇ ತಿಕ್ಕಿದ್ದು. ಕಲೆ ತೆಳುವಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ಗಂಡ ಅದರಲ್ಲೇ ಸರಳನ್ನು ಸುತ್ತಿ ಕಲ್ಲುಕ್ವಾರಿಯ ನೀರಿಗೆ ಹಾಕಿ ಬಂದ.

ಕಾವಲಿನವನು ಆಸ್ಪತ್ರೆಯಲ್ಲಿ ಸತ್ತ. ಬೇಸಿಗೆಗೆ ಕ್ವಾರಿಯ ನೀರು ಇಳಿಯಿತು.

ಇನ್ಸ್‌ಪೆಕ್ಟರ್ ಅಂಗಿಯನ್ನು ಕೌಂಟರಿನ ಮೇಲೆ ಹರಡಿ ಕಾಲರ್ ಮಡಚಿ ತೋರಿಸಿದ.

“ನಿಮ್ಮಂಗಡಿ ಗುರುತು ತಾನೇ ಇದು? ಯಾರ ಅಂಗಿ?”

ಗುರುತು ಹಾಕಿದ್ದು ಅವಳಿಗೆ ತಿಳಿದದ್ದೇ ಆಗ. ಒಳಕೋಣೆಯಲ್ಲಿ ಮಗನ ಹೆಜ್ಜೆ ಸದ್ದು ನಿಂತಿತು.

“ಯಾರೋ ಗಿರಾಕೀದು ಸಾರ್. ನೆನಪಿಲ್ಲ.”

“ರಕ್ತ ಅಂತ ಗೊತ್ತಾಗ್ಲಿಲ್ವಾ? ಇಷ್ಟು ವರ್ಷ ಕಣ್ಮುಚ್ಕೊಂಡು ಒಗೀತಿದ್ಯಾ?”

ಗಂಡ ಇಸ್ತ್ರಿಪೆಟ್ಟಿಗೆಯ ತಳ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. “ಸಾರ್, ಇವ್ಳಿಗೊಬ್ಬ ಇದಾನೆ. ನಾನಿಲ್ಲದಾಗ ಬಂದು ಹೋಗ್ತಾನೆ. ಅವನ್ದೇ ಇರ್ಬೇಕು. ಗಂಡಸಾಗಿ ಹೇಳ್ಕೊಳ್ಳೋಕೆ ನಾಚಿಕೆ ನಂಗೆ.”

ಬೀದಿಯ ಜನ ಬಾಗಿಲಲ್ಲಿ ಕೇಳುತ್ತ ನಿಂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ಒಂದು ಮಾತು ಆಡಿದರೆ ಸಾಕಿತ್ತು, ಮಗ ಒಳಕೋಣೆಯಲ್ಲೇ ಇದ್ದ. ಆಡಿದರೆ ಅವಳು ಮಲತಾಯಿಯೇ ಆಗುತ್ತಿದ್ದಳು. ಆಡಲಿಲ್ಲ.

ಠಾಣೆಯಲ್ಲಿ ಆ ಗಂಡಸಿನ ಹೆಸರು ಕೇಳಿದರು. ಕೆನ್ನೆಗೆ ಹೊಡೆದು ಕೇಳಿದರು. ಇಲ್ಲದವನ ಹೆಸರನ್ನು ಅವಳು ಎಲ್ಲಿಂದ ತರುತ್ತಾಳೆ? ಕೊಲೆಗಾರನನ್ನು ಬಚ್ಚಿಟ್ಟಳು ಎಂದು ಜೈಲಾಯಿತು.

ಗಂಡ ಒಂದೇ ಸಲ ನೋಡಲು ಬಂದ.

“ಯಾಕ್ ಹಾಗಂದ್ರಿ?”

“ನೀನ್ಯಾಕೆ ಗುರುತು ಹಾಕ್ದೆ?”

“ಕೈಗೆ ಅಭ್ಯಾಸ. ಬೇಕೂಂತ ಹಾಕ್ಲಿಲ್ಲ.”

“ನನ್ನಂಗಿಗೆ ಒಂದಿನ ಹಾಕಿದ್ಯಾ? ಕೈಗಲ್ಲ ಕಣೇ, ನಿನ್ ಮನಸ್ಸಿಗೆ ಗೊತ್ತಿತ್ತು. ಅವ್ನು ನಿಂಗೆ ಹೊರಗಿನವ್ನು.” ಹೋಗುವ ಮುಂಚೆ ಮತ್ತೆ ಹೇಳಿದ, “ನಿಂಗೇನು ಮಕ್ಳಾ ಮರಿಯಾ? ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ. ಪುಟ್ಟ ಇನ್ನೂ ಬಾಳಿ ಬದುಕ್ಬೇಕು.”

ಮತ್ತೆ ಅವಳನ್ನು ಕಾಣಲು ಬಂದದ್ದು ಪಕ್ಕದಂಗಡಿಯ ಟೈಲರ್.

“ಯಜಮಾನ್ರು ಇಸ್ತ್ರಿ ಹಿಡ್ಕೊಂಡೇ ಬಿದ್ದು ಜೀವ ಬಿಟ್ರಮ್ಮ. ನಾನು ಓಡಿಹೋಗೋ ಹೊತ್ತಿಗೆ ಮೇಜಿನ ಬಟ್ಟೆ, ಅವ್ರ ಅಂಗಿ ತೋಳು ಸುಟ್ಟು ಹೊಗೆ ತುಂಬಿತ್ತು.”

“ಯಾವಾಗ?”

“ಹೋದ ತಿಂಗ್ಳು. ಮಗ ಹೇಳಿರ್ತಾನೆ ಅಂದ್ಕೊಂಡಿದ್ದೆ.”

ಅಂಥವನಿಗೂ ಅವಳು ಅತ್ತಳು. ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಳು. ಯೋಗ್ಯತೆ ನೋಡಿಕೊಂಡು ಬರುವಂಥದ್ದಲ್ಲ ಅಳು.

ಬಿಡುಗಡೆಯಾದ ದಿನ ನೇರ ಅಂಗಡಿಗೆ ಹೋದಳು. ಕೌಂಟರಿನಲ್ಲಿ ಮಗ ಕೂತಿದ್ದ, ಅಪ್ಪನ ಕುರ್ಚಿಯಲ್ಲಿ. ಮೂಲೆಯಲ್ಲಿ, ಕೊಟ್ಟವರು ಮರಳಿ ಒಯ್ಯದ ಬಟ್ಟೆಗಳ ರಾಶಿ.

“ಇರೋಕೆ ಬಂದಿಲ್ಲ,” ಎಂದಳು. “ಅವ್ರದೊಂದು ಅಂಗಿ ಕೊಡು. ಹೋಗ್ತೀನಿ.”

“ಇದ್ರೆ ಆ ರಾಶೀಲಿರುತ್ತೆ. ಸಂಜೆ ಹಳೇಬಟ್ಟೆಯವ್ನು ಬರ್ತಾನೆ. ಬೇಕಾದ್ರೆ ಹುಡುಕ್ಕೊಳ್ಳಿ.”

ಹುಡುಕ್ಕೊಳ್ಳಿ ಎಂದ. ಅವಳು ಈ ಮನೆಗೆ ಬಂದಾಗಿನಿಂದ ಅವನು ಕೊಟ್ಟ ಮೊದಲ ಮರ್ಯಾದೆ, ಗಿರಾಕಿಗೆ ಕೊಡುವಂಥದ್ದು.

ಅವಳು ನೆಲಕ್ಕೆ ಕೂತು ಒಂದೊಂದೇ ಕಾಲರ್ ಮಡಚಿ ನೋಡಿದಳು. ಕೆಂಪು ದಾರ. ಕೆಂಪು ದಾರ. ಮತ್ತೆ ಕೆಂಪು ದಾರ. ತಳದಲ್ಲಿ ಒಂದಕ್ಕೆ ಗುರುತಿರಲಿಲ್ಲ. ನೀಲಿ ಗೆರೆಯ ಅಂಗಿ. ಬಲತೋಳು ಸುಟ್ಟು ಕರಕಲಾಗಿತ್ತು. ಮೂಗಿಗೊತ್ತಿಕೊಂಡಳು. ಗಂಜಿಯ ವಾಸನೆ, ಅದರಡಿಯಲ್ಲಿ ಅವನ ಬೆವರು. ಬಹಳ ಹೊತ್ತು ಹಾಗೇ ಇದ್ದಳು.

“ಸಿಕ್ತಾ?” ಎಂದ ಮಗ.

ಅವಳು ಎದ್ದು ಮೇಜಿನ ಮೇಲಿದ್ದ ಸೂಜಿ ತೆಗೆದುಕೊಂಡಳು. ದಾರ ಪೋಣಿಸಿಯೇ ಇತ್ತು. ಕಾಲರಿನ ಒಳಮಗ್ಗುಲಲ್ಲಿ ಅಡ್ಡ ಒಂದು, ಉದ್ದ ಒಂದು. ಈ ಸಲ ಕೈಗೂ ಗೊತ್ತಿತ್ತು, ಮನಸ್ಸಿಗೂ ಗೊತ್ತಿತ್ತು. ಹಲ್ಲಿನಿಂದ ದಾರ ಕಡಿದಳು. ಅಂಗಿಯನ್ನು ರಾಶಿಗೆ ಎಸೆದಳು.

“ಇಲ್ಲ,” ಎಂದಳು. “ಇಲ್ಲಿರೋದೆಲ್ಲ ಗಿರಾಕಿಗಳ್ದೇ.”

ಬರಿಗೈಯಲ್ಲಿ ಮೆಟ್ಟಿಲಿಳಿದಳು.